ಡ್ರೈವರನ್ನು ಚಾಕ್ಕೆ ಕಳಿಸುವ ಪದ್ಧತಿ

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಒಂದು ಪದ್ಧತಿ ಉಂಟು. ಅದನ್ನು ಯಾವ ಐಟಿಐಯಲ್ಲಿಯೂ ಕಲಿಸುವುದಿಲ್ಲ, ಆದರೆ ಕೆಲಸಕ್ಕೆ ಸೇರಿದ ಸ್ವಲ್ಪ ದಿನದಲ್ಲೇ ಎಲ್ಲರೂ ಕಲಿತುಬಿಡುತ್ತಾರೆ. ಗಾಡಿ ಬಿಚ್ಚಿ ಆಗಿದೆ. ಗಾಡಿಯ ಧನಿ ಬಂದು ನಿಂತಿದ್ದಾರೆ, ಜೊತೆಯಲ್ಲಿ ಅವರ ಡ್ರೈವರ್. ಆಗ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಡ್ರೈವರನಿಗೆ ಹೇಳುತ್ತಾನೆ, "ನೀನೊಂದು ಚಾ ಕುಡಿದು ಬಾ ಮಾರಾಯ." ಅವನು ಎದುರಿನ ಹೋಟೆಲಿಗೆ ಹೋದ ಮೇಲೆ ಧನಿಯ ಕಿವಿಯ ಹತ್ತಿರ ತೀರ್ಪು ಆಗುತ್ತದೆ. ಡ್ರೈವರ್ ಬಾಯಿ ಒರೆಸಿಕೊಂಡು ವಾಪಸು ಬರುವಷ್ಟರಲ್ಲಿ ಅವನ ಕೆಲಸ ಹೋಗಿರುತ್ತದೆ. ಯಾಕೆ ಹೋಯಿತು ಎಂದು ಅವನಿಗೆ ಹೇಳುವವರೂ ಇಲ್ಲ.

ಈ ಪದ್ಧತಿಯ ಮೇಲಿನ ಸಿಟ್ಟಿನಿಂದಲೇ ಇದನ್ನು ಬರೆಯುತ್ತಿದ್ದೇನೆ. ನಾನು ಏಳನೆಯ ಕ್ಲಾಸಿನಲ್ಲಿ ಶಾಲೆ ಬಿಟ್ಟವನು. ಬಿ.ಸಿ. ರೋಡಿನಲ್ಲಿ ಕೆಲಸ ಕಲಿತೆ, ಸಿದ್ಧಕಟ್ಟೆಯಲ್ಲಿ ರಸ್ತೆ ಬದಿಗೆ ಸ್ವಂತ ಶೆಡ್ ಹಾಕಿದೆ, ಬಲಭುಜ ಮೇಲೆ ಏಳದಂತಾದ ಮೇಲೆ ಶೆಡ್ಡಿನ ಬಾಗಿಲು ಹಾಕಿದೆ. ಈಗ ಈ ಕೆಲಸಕ್ಕೆ ಬರುವವರು ಕೇಳುತ್ತಾರೆ, "ವಾಸಣ್ಣ, ಆಟೋಮೆಟಿಕ್ ಗೇರ್‌ಬಾಕ್ಸ್ ಕಲಿಯಲಿಕ್ಕೆ ಎಷ್ಟು ಸಮಯ ಬೇಕು?" ಬಿಚ್ಚಲಿಕ್ಕೆ, ಜೋಡಿಸಲಿಕ್ಕೆ ಬೇಗ ಕಲಿಯಬಹುದು. ಇದು ಯಾರ ತಪ್ಪು ಎಂದು ಬಾಯಿ ತೆರೆಯುವ ಮೊದಲು ನೋಡಬೇಕಾದದ್ದನ್ನೆಲ್ಲ ನೋಡಲು ಕಲಿಯುವುದು ಬೇರೆ. ನನ್ನ ಗುರು ಸಾಯುವವರೆಗೂ ಅದನ್ನು ಕಲಿಯಲಿಲ್ಲ.

ಗುರು ಎಂದರೆ ಬಿ.ಸಿ. ರೋಡಿನ ದೊಡ್ಡ ಗ್ಯಾರೇಜಿನ ದಾಮೋದರಣ್ಣ. ಕೈ ಒಳ್ಳೆಯದು. ಅದನ್ನು ಇಲ್ಲ ಎಂದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದವರು ಅವರೇ. ಗಲ್ಫಿನವರು, ಮುಂಬಯಿ ಹೋಟೆಲಿನವರು ಹಳೆಯ ದೊಡ್ಡ ಕಾರುಗಳನ್ನು ಊರಿಗೆ ತರಲು ಶುರು ಮಾಡಿದಾಗ, ಅವುಗಳ ಆಟೋಮೆಟಿಕ್ ಗೇರ್‌ಬಾಕ್ಸ್ ಬಿಚ್ಚುವ ಧೈರ್ಯ ಈ ಕಡೆ ಮೊದಲು ಮಾಡಿದ್ದೂ ಅವರೇ. ಆದರೆ ಧನಿಗಳ ಎದುರು ನಿಂತರೆ ಅವರ ನಾಲಿಗೆಗೆ ಎಲುಬೇ ಇರುತ್ತಿರಲಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಬೆಳ್ತಂಗಡಿಯ ಒಬ್ಬ ರಬ್ಬರ್ ವ್ಯಾಪಾರಿಯ ಕಾರು ಚಾರ್ಮಾಡಿ ಘಾಟಿಯ ಬುಡದಲ್ಲಿ ನಿಂತುಬಿಟ್ಟಿತು. ನಮ್ಮ ಕಡೆಯಲ್ಲಿ ಗಾಡಿ ನಿಂತರೆ ಏನು ಮಾಡುತ್ತಾರೆ? ಒಂದು ಪಿಕಪ್ ಕರೆದು ಹಗ್ಗ ಕಟ್ಟಿ ಎಳೆಸುತ್ತಾರೆ. ಜೀಪನ್ನು ಹಾಗೆ ಎಳೆಯಬಹುದು. ಆಟೋಮೆಟಿಕ್ ಗಾಡಿಯನ್ನು ಎಳೆಯಬಾರದು. ಅದರಲ್ಲಿ ಗೇರ್‌ಬಾಕ್ಸಿಗೆ ಎಣ್ಣೆ ಕೊಡುವ ಪಂಪು ತಿರುಗುವುದು ಎಂಜಿನ್ ತಿರುಗಿದರೆ ಮಾತ್ರ. ಎಂಜಿನ್ ನಿಲ್ಲಿಸಿ, ಹಿಂದಿನ ಚಕ್ರ ನೆಲದ ಮೇಲೆ ಉರುಳಿಸಿಕೊಂಡು ಅಷ್ಟು ದೂರ ಎಳೆದರೆ ಒಳಗಿರುವುದೆಲ್ಲ ಒಣಗಿ ತಿರುಗುತ್ತದೆ. ಬಿ.ಸಿ. ರೋಡಿಗೆ ಬಂದು ಮುಟ್ಟುವಾಗ ಸುಟ್ಟ ವಾಸನೆ ರಸ್ತೆಯವರೆಗೆ ಬರುತ್ತಿತ್ತು. ಗಾಡಿ ಮೊದಲು ನಿಂತದ್ದು ಏನಕ್ಕೆ ಗೊತ್ತುಂಟಾ? ಎಂಜಿನ್ನಿಗೆ ಪೆಟ್ರೋಲ್ ಕೊಡುವ ಪಂಪಿನ ರಿಲೇ, ಅಂದರೆ ಅದರ ಸ್ವಿಚ್ಚು, ಹೋಗಿತ್ತು. ಬೆಂಕಿಪೊಟ್ಟಣದಷ್ಟು ದೊಡ್ಡ ವಸ್ತು.

ಹಗ್ಗ ಕಟ್ಟಿಸಿದ್ದು ಧನಿ. ಡ್ರೈವರ್ ಬೇಡ ಎಂದಿದ್ದನಂತೆ. ದಾಮೋದರಣ್ಣನಿಗೆ ಎಲ್ಲ ಗೊತ್ತಿತ್ತು. ಆದರೂ ಡ್ರೈವರನನ್ನು ಚಾಕ್ಕೆ ಕಳಿಸಿ ಧನಿಗೆ ಹೇಳಿದರು, "ನಿಮ್ಮ ಜನ ಪೆಟ್ರೋಲ್ ಉಳಿಸ್ಲಿಕ್ಕೆ ಘಾಟಿಯಲ್ಲಿ ನ್ಯೂಟ್ರಲ್ ಹಾಕಿ ಇಳಿಸಿದ್ದಾನೆ. ಅದಕ್ಕೇ ಗೇರ್‌ಬಾಕ್ಸ್ ಹೋದದ್ದು."

ಧನಿ ಹೋದ ಮೇಲೆ ನಾನು ಕೇಳಿದೆ. "ಅಣ್ಣ, ಹಗ್ಗ ಕಟ್ಟಿಸಿದ್ದು ಅವರೇ ಅಲ್ವಾ?"

"ಹೌದು."

"ಮತ್ತೆ?"

"ಮತ್ತೆ ಎಂತ? ತಪ್ಪು ನಿಮ್ಮದೇ ಅಂತ ಹೇಳಿದ್ರೆ ನಾಳೆ ಅವರು ಗಾಡಿಯನ್ನು ಇಲ್ಲಿಗೆ ತರ್ತಾರಾ? ಡ್ರೈವರ್ ಗಾಡಿ ತರುವುದಿಲ್ಲ ವಾಸು, ಧನಿ ತರುವುದು."

ನಾನು ಬಸ್ಸು ಹತ್ತಿ ಬೆಳ್ತಂಗಡಿಗೆ ಹೋಗಿ ಆ ವ್ಯಾಪಾರಿಗೆ ಮುಖದ ಮೇಲೇ ಹೇಳಿ ಬಂದೆ. ಅವರು ದಾಮೋದರಣ್ಣನಿಗೆ ಫೋನ್ ಮಾಡಿದರು. ನಾನು ವಾಪಸು ಬರುವಾಗ ನನ್ನ ಅಂಗಿ, ಟಿಫಿನ್ ಕ್ಯಾರಿಯರ್ ಎರಡೂ ಗೇಟಿನ ಹೊರಗೆ ಇದ್ದವು. ಸ್ವಂತ ಶೆಡ್ ಹಾಕಲು ಧೈರ್ಯ ಹೇಗೆ ಬಂತು ಎಂದು ಕೇಳುವವರಿಗೆ ಇದೇ ಉತ್ತರ. ಧೈರ್ಯ ಅಲ್ಲ, ಬೇರೆ ದಾರಿ ಇರಲಿಲ್ಲ. ಆ ಡ್ರೈವರ್ ಆಮೇಲೆ ಎಲ್ಲಿಗೆ ಹೋದನೋ ಗೊತ್ತಾಗಲಿಲ್ಲ. ಅದು ಇಂದಿಗೂ ನನಗೆ ಉರಿಯುತ್ತದೆ.

ಗಾಡಿಗೆ ಸಿಕ್ಕಿಸಿದರೆ ದೋಷ ಓದಿ ಹೇಳುವ ಸ್ಕ್ಯಾನರ್ ಬಂದ ಮೇಲೆ ಈ ಪದ್ಧತಿ ಸಾಯುತ್ತದೆ ಎಂದುಕೊಂಡಿದ್ದೆ. ಸಾಯಲಿಲ್ಲ, ಇನ್ನೂ ಕೊಬ್ಬಿತು. ನಾನು ಸ್ಕ್ಯಾನರನ್ನು ಬೈಯುವ ಮುದುಕ ಅಲ್ಲ. ನಾನೂ ಒಂದು ತೆಗೆದುಕೊಂಡಿದ್ದೆ, ಅದರಿಂದ ಬೇಕಾದಷ್ಟು ಕೆಲಸ ಮಾಡಿದ್ದೇನೆ. ಆದರೆ ಅದು ಹೇಳುವುದು ಏನು? ಇಂಥ ಕ್ಲಚ್ ಜಾರುತ್ತಿದೆ ಎಂದು ಹೇಳುತ್ತದೆ. ಯಾಕೆ ಜಾರುತ್ತಿದೆ ಎಂದು ಹೇಳುವುದಿಲ್ಲ. ಜ್ವರ ಎಷ್ಟುಂಟು ಎಂದು ನೋಡಿದ ಕೂಡಲೇ, ಮನೆಯ ಅಡುಗೆಯವಳು ಹಳಸಿದ್ದು ಬಡಿಸಿದ್ದಾಳೆ ಎಂದು ಹೇಳುವ ಡಾಕ್ಟರನ್ನು ನೀವು ನಂಬುತ್ತೀರಾ? ಗ್ಯಾರೇಜಿನಲ್ಲಿ ನಂಬುತ್ತಾರೆ. ಸ್ಕ್ರೀನಿನಲ್ಲಿ ಕೆಂಪು ಅಕ್ಷರ ಕಂಡರೆ ಸಾಕು, ಉಳಿದದ್ದು ಮೇಸ್ತ್ರಿ ಬಾಯಲ್ಲಿ ಬಂದದ್ದು.

ಉಮ್ಮರಾಕನ ಕೆಲಸ ಹೋದದ್ದು ಹೀಗೆಯೇ.

ಮೂಡುಬಿದಿರೆಯಲ್ಲಿ ಗೇರುಬೀಜದ ಫ್ಯಾಕ್ಟರಿ ಇಟ್ಟುಕೊಂಡಿರುವ ಕಾಮತರ ಹತ್ತಿರ ಬೆಳ್ಳಿ ಬಣ್ಣದ ಒಂದು ಉದ್ದ ಕಾರು ಇತ್ತು. ಮುಂಬಯಿಯ ಸಂಬಂಧಿಕರಿಂದ ಬಂದದ್ದು, ಬರುವಾಗಲೇ ಹಳತು. ಹಳತಾದರೂ ರಾಜ ರಾಜನೇ. ಸೀಟಿನಲ್ಲಿ ಕೂತರೆ ರಸ್ತೆ ಗೊತ್ತಾಗುತ್ತಿರಲಿಲ್ಲ. ಅದನ್ನು ಮೊದಲ ದಿನದಿಂದ ಓಡಿಸಿದವರು ವೇಣೂರಿನ ಉಮರಬ್ಬ. ಊರಿಗೆಲ್ಲ ಅವರು ಉಮ್ಮರಾಕ. ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಮೊದಲು ಜೀಪು, ಆಮೇಲೆ ಫ್ಯಾಕ್ಟರಿಯ ಲಾರಿ, ಕೊನೆಗೆ ಈ ಕಾರು. ಕಾಮತರಿಗೆ ಕಾರು ಇಷ್ಟ, ಓಡಿಸಲು ಹೆದರಿಕೆ. ಹಾಗಾಗಿ ಧನಿ ಎಲ್ಲಿಗೆ ಹೋಗಬೇಕಾದರೂ ಉಮ್ಮರಾಕ ಬೇಕು.

ಆ ಕಾರಿಗೆ ಒಂದು ನಡುಕ ಶುರುವಾಯಿತು. ನಿಧಾನಕ್ಕೆ ಹೋದರೆ ಇಲ್ಲ, ಜೋರಾಗಿ ಒತ್ತಿದರೆ ಇಲ್ಲ. ಸಮತಟ್ಟು ರಸ್ತೆಯಲ್ಲಿ ಹದವಾಗಿ ಹೋಗುವಾಗ ಕಾಲನ್ನು ಚೂರು ಒತ್ತಿದರೆ, ಹೆಂಚು ಹಾಸಿದ ಮಾಡಿನ ಮೇಲೆ ಗಾಡಿ ಓಡಿದ ಹಾಗೆ ಗಡಗಡ. ಕಾಮತರು ದಾಮೋದರಣ್ಣನ ಗ್ಯಾರೇಜಿಗೆ ತೆಗೆದುಕೊಂಡು ಹೋದರು. ಅವರು ಸ್ಕ್ಯಾನರ್ ಸಿಕ್ಕಿಸಿದರು, ಗೇರ್‌ಬಾಕ್ಸಿನ ಎಣ್ಣೆ ತೆಗೆದರು. ಕೆಂಪಗೆ, ದಾಸವಾಳ ಹಿಂಡಿದ ಹಾಗೆ ಇರಬೇಕಾದ ಎಣ್ಣೆ ಗುಲಾಬಿ ಹಾಲಿನ ಹಾಗೆ ಬಂತು. ಎಣ್ಣೆಯ ಜೊತೆ ನೀರು ಸೇರಿದೆ ಎಂದು ಅರ್ಥ. ಅಲ್ಲಿಯವರೆಗೆ ಸರಿ. ಆಮೇಲೆ, "ಉಮ್ಮರಾಕ, ನೀವೊಂದು ಚಾ ಕುಡಿದು ಬನ್ನಿ."

ವೇಣೂರಿನ ಜೀಪಿನವರು, ಪಿಕಪ್ಪಿನವರು ಆಯುಧಪೂಜೆಯ ಮುಂಚೆ ಗಾಡಿಗಳನ್ನು ಫಲ್ಗುಣಿ ಹೊಳೆಯ ಕಲ್ಲುಹಾಸಿನ ಮೇಲೆ ಇಳಿಸಿ, ಚಕ್ರ ಮುಳುಗುವ ನೀರಿನಲ್ಲಿ ನಿಲ್ಲಿಸಿ ತೊಳೆಯುತ್ತಾರೆ. ಇದು ಎಲ್ಲರಿಗೂ ಗೊತ್ತಿರುವ ವಿಷಯ. ದಾಮೋದರಣ್ಣ ಅದನ್ನೇ ಹಿಡಿದುಕೊಂಡರು. ಡ್ರೈವರ್ ವೇಣೂರಿನವನು, ಗೇರ್‌ಬಾಕ್ಸಿನಲ್ಲಿ ನೀರು. ಹೊಳೆಗೆ ಇಳಿಸಿದ್ದಾನೆ! ಮುಗಿಯಿತು.

ಚಾ ಕುಡಿದು ಬಂದ ಉಮ್ಮರಾಕನನ್ನು ಕಾಮತರು ಕೇಳಿದರು, "ಕಾರನ್ನು ಹೊಳೆಯಲ್ಲಿ ತೊಳೆದೆಯಾ?"

ಉಮ್ಮರಾಕ ಸುಳ್ಳು ಹೇಳಲು ತಿಳಿಯದ ಮನುಷ್ಯ. "ಹೊಳೆ ಬದಿಯಲ್ಲಿ ತೊಳೆದಿದ್ದೇನೆ ಧನಿ. ದಂಡೆಯ ಮೇಲೆ ನಿಲ್ಲಿಸಿ, ಬಕೆಟಿನಲ್ಲಿ ನೀರು ತಂದು."

ಕಾಮತರಿಗೆ ಕೇಳಿಸಿದ್ದು ಹೊಳೆ ಎಂಬ ಮಾತು ಮಾತ್ರ. ಅಲ್ಲಿಯೇ, ಗ್ಯಾರೇಜಿನ ಅಷ್ಟು ಜನರ ಎದುರು ಕೈ ಚಾಚಿ ಕೀ ಕೇಳಿದರು. ಉಮ್ಮರಾಕ ಬಿ.ಸಿ. ರೋಡಿನಿಂದ ಬಸ್ಸಿನಲ್ಲಿ ಮನೆಗೆ ಹೋದರು.

ಕೆಲಸ ಹೋದದ್ದು ಒಂದು ಕಡೆ. ಹೆಸರು ಹೋದದ್ದು ಇನ್ನೂ ದೊಡ್ಡದು. ಕಾಮತರು ಫ್ಯಾಕ್ಟರಿಯಲ್ಲಿ ಹೇಳಿದರು, ಮದುವೆ ಮನೆಯಲ್ಲಿ ಹೇಳಿದರು, ಬೆಳ್ತಂಗಡಿಯ ತಾಲೂಕು ಆಫೀಸಿನ ವರಾಂಡದಲ್ಲಿಯೂ ಹೇಳಿದರು. ಮೂಡುಬಿದಿರೆಯಿಂದ ಬೆಳ್ತಂಗಡಿಯವರೆಗೆ ಒಳ್ಳೆಯ ಕಾರು ಇರುವ ಯಾರೂ ಉಮ್ಮರಾಕನ ಕೈಗೆ ಕೀ ಕೊಡದ ಹಾಗೆ ಆಯಿತು. ವೇಣೂರಿನ ಜೀಪ್ ಸ್ಟ್ಯಾಂಡಿನಲ್ಲಿ ತಮಾಷೆ ಬೇರೆ. "ಉಮ್ಮರಾಕ, ಇವತ್ತು ಯಾವ ಕಾರಿಗೆ ಸ್ನಾನ?"

ಅವರು ಸಿದ್ಧಕಟ್ಟೆಗೆ ನನ್ನ ಶೆಡ್ಡಿಗೆ ಬರುವ ಹೊತ್ತಿಗೆ ವೇಣೂರಿನಲ್ಲಿ ತಮ್ಮ ಭಾವನ ತರಕಾರಿ ಅಂಗಡಿಯಲ್ಲಿ ಈರುಳ್ಳಿ ತೂಗುವ ಕೆಲಸಕ್ಕೆ ಸೇರಿದ್ದರು. ನಮ್ಮ ಮಾತು ತುಳುವಿನಲ್ಲೇ ಆದದ್ದು, ಕನ್ನಡದಲ್ಲಿ ಬರೆಯುತ್ತೇನೆ.

"ವಾಸು, ಆ ಗಾಡಿಯನ್ನು ನೀನೊಮ್ಮೆ ನೋಡಬೇಕು."

"ಗಾಡಿ ನಿಮ್ಮದಲ್ಲ ಉಮ್ಮರಾಕ. ಧನಿ ತರದೆ ನಾನು ಹೇಗೆ ನೋಡುವುದು?"

"ನಡುಕ ಪುನಃ ಬಂದಿದೆಯಂತೆ, ಎಣ್ಣೆಯೂ ಪುನಃ ಹಾಲಿನ ಹಾಗೆ ಆಗಿದೆಯಂತೆ. ಹೊಸ ಡ್ರೈವರ್ ಹೇಳಿದ."

ನನಗೆ ಸಿಟ್ಟು ನೆತ್ತಿಗೇರಿದ್ದು ಈ ಮಾತಿಗೆ. ದಾಮೋದರಣ್ಣ ಎಣ್ಣೆ ಬದಲಿಸಿ ಕಳಿಸಿದ್ದರು. ಹೊಸ ಡ್ರೈವರ್ ಮೂಡುಬಿದಿರೆಯವನು, ಹೊಳೆಯ ಮುಖ ನೋಡದವನು. ಹಾಗಿದ್ದರೆ ನೀರು ಎಲ್ಲಿಂದ ಬಂತು? ಆ ಪ್ರಶ್ನೆ ಕಾಮತರ ತಲೆಗೂ ಬರಲಿಲ್ಲ, ದಾಮೋದರಣ್ಣನ ತಲೆಗೂ ಬರಲಿಲ್ಲ. ನಾನು ದಾಮೋದರಣ್ಣನಿಗೆ ಫೋನ್ ಮಾಡಿದೆ.

"ಓ ವಾಸು! ವಕೀಲಿಕೆ ಶುರು ಮಾಡಿದೆಯಾ?" ಎಂದರು.

"ನೀರು ಪುನಃ ಹೇಗೆ ಬಂತು ಅಣ್ಣ?"

"ಹಳೆಯ ನೀರೇ. ಎಣ್ಣೆ ತೆಗೆದರೂ ಅರ್ಧ ಒಳಗೇ ನಿಲ್ಲುತ್ತದೆ, ನಿನಗೆ ಗೊತ್ತಿಲ್ವಾ?"

ಅದು ಗೊತ್ತುಂಟು. ಎಣ್ಣೆಯ ಬೋಲ್ಟ್ ಬಿಚ್ಚಿದರೆ ಎಲ್ಲವೂ ಇಳಿಯುವುದಿಲ್ಲ, ಎಂಜಿನ್ನನ್ನು ಗೇರ್‌ಬಾಕ್ಸಿಗೆ ಜೋಡಿಸುವ ಟಾರ್ಕ್ ಕನ್ವರ್ಟರ್ ಎಂಬ ದುಂಡು ಡಬ್ಬಿಯಲ್ಲಿ ತುಂಬ ನಿಲ್ಲುತ್ತದೆ. "ರೇಡಿಯೇಟರ್ ನೋಡಿದ್ದೀರಾ?" ಎಂದು ಕೇಳಿದೆ.

"ರೇಡಿಯೇಟರಿಗೂ ಗೇರ್‌ಬಾಕ್ಸಿಗೂ ಎಂತ ಸಂಬಂಧ? ನಿನ್ನ ಶೆಡ್ಡಿನ ಕೆಲಸ ನೀನು ನೋಡು" ಎಂದು ಫೋನ್ ಇಟ್ಟರು. ಸಂಬಂಧ ಉಂಟು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನನಗೆ ಹೇಳಿಕೊಟ್ಟದ್ದೇ ಅವರು. ಆ ದಿವಸ ಒಂದು ಮುಚ್ಚಳ ತೆರೆಯಲು ಅವರಿಗೆ ಸೋಮಾರಿತನ ಬಂತು, ಒಬ್ಬ ಮನುಷ್ಯನನ್ನು ಮುಗಿಸಲು ಮಾತ್ರ ಆ ಸೋಮಾರಿತನ ಬರಲಿಲ್ಲ.

ಕಾಮತರ ಹತ್ತಿರ ಹೋದೆ. ಅವರು ಮೊದಲು ಮುಖ ತಿರುಗಿಸಿದರು. ಆದರೆ ಬಿ.ಸಿ. ರೋಡಿನಲ್ಲಿ ಇಡೀ ಗೇರ್‌ಬಾಕ್ಸ್ ಬದಲಿಸಬೇಕು ಎಂದಿದ್ದರಂತೆ, ಹಾಗಾಗಿ ಒಪ್ಪಿದರು. ನಾನು ಒಂದು ಶರತ್ತು ಹಾಕಿದೆ. ನಾನು ನೋಡುವಾಗ ಉಮ್ಮರಾಕ ಅಲ್ಲಿ ಇರಬೇಕು.

"ಅವನು ಯಾಕೆ?"

"ಗಾಡಿ ಓಡಿಸಿದವರು ಅವರು. ನನಗೆ ಕೇಳ್ಲಿಕ್ಕುಂಟು."

"ನನ್ನನ್ನು ಕೇಳು. ಗಾಡಿ ನನ್ನದು."

"ಕಾಮತ್ರೆ, ಹೊಟ್ಟೆನೋವಿನ ಮಗುವನ್ನು ತಂದ್ರೆ ಎತ್ತಿಕೊಂಡು ತಿರುಗುವವಳನ್ನು ಕೇಳುವುದು. ಹೆಸರಿಟ್ಟವರನ್ನಲ್ಲ."

ಬೈಯುತ್ತಾರೆ ಎಂದುಕೊಂಡೆ. ನಕ್ಕರು. ನಕ್ಕದ್ದೇ ಹೊರತು ಉಮ್ಮರಾಕ ಬಂದಾಗ ಅವರತ್ತ ನೋಡಲಿಲ್ಲ. ಉಮ್ಮರಾಕ ಶೆಡ್ಡಿನ ಒಳಗೆ ಬರದೆ ರಸ್ತೆ ಬದಿಯ ಹಲಸಿನ ಮರದ ಬುಡದಲ್ಲಿ ನಿಂತರು. ಬನ್ನಿ ಎಂದರೂ ಬರಲಿಲ್ಲ.

ಹೊಸಬರೇ, ಇಲ್ಲಿಂದ ಸ್ವಲ್ಪ ಗಮನ ಕೊಡಿ. ಎಲ್ಲಕ್ಕಿಂತ ಮೊದಲು ಗಾಡಿ ಓಡಿಸಿ ನೋಡಬೇಕು. ಸ್ಕ್ಯಾನರ್ ಆಮೇಲೆ. ನಾನು ಮೂಡುಬಿದಿರೆ ರಸ್ತೆಯಲ್ಲಿ ಹೋಗಿ ಬಂದೆ. ನಡುಗುವಾಗ ಎಂಜಿನ್ನಿನ ಸದ್ದು ಬದಲಾಗುತ್ತದೆಯೇ ಎಂದು ಕಿವಿಗೊಟ್ಟೆ. ಇಲ್ಲ. ಬ್ರೇಕನ್ನು ಎಡಗಾಲಿನಿಂದ ಮೆಲ್ಲಗೆ ಮುಟ್ಟಿದೆ. ಮುಟ್ಟಿದ ಕೂಡಲೇ ನಡುಕ ನಿಂತಿತು. ಬ್ರೇಕ್ ಮುಟ್ಟಿದರೆ ಕನ್ವರ್ಟರಿನ ಒಳಗಿನ ಕ್ಲಚ್ ತನ್ನಷ್ಟಕ್ಕೆ ಬಿಡುತ್ತದೆ. ಆದ್ದರಿಂದ ನಡುಗುವುದು ಅದೇ ಕ್ಲಚ್. ಎಂಜಿನ್ ಅಲ್ಲ, ಗೇರೂ ಅಲ್ಲ. ಇಷ್ಟಕ್ಕೆ ಯಾವ ಯಂತ್ರವೂ ಬೇಡ.

ಎರಡನೆಯದು ಎಣ್ಣೆ. ಬೆರಳಿಗೆ ಹಚ್ಚಿ ಉಜ್ಜಬೇಕು, ಮೂಸಬೇಕು. ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟು ಸುಟ್ಟಿದೆ. ಹಾಲಿನ ಬಣ್ಣ ಬಂದರೆ ನೀರು. ಇದು ಹಾಲಿನ ಬಣ್ಣ. ನೀರು ಎಂಬುದರಲ್ಲಿ ದಾಮೋದರಣ್ಣ ಹೇಳಿದ್ದು ಸರಿಯೇ. ಎಲ್ಲಿಯ ನೀರು ಎಂಬುದು ಪ್ರಶ್ನೆ.

ಹೊಳೆಯ ನೀರು ಗೇರ್‌ಬಾಕ್ಸಿನ ಒಳಗೆ ಹೋಗಬೇಕಾದರೆ ಮೇಲಿನ ಗಾಳಿಕೊಳವೆಯ ಮೂಲಕ ಹೋಗಬೇಕು. ಅದು ಮುಳುಗುವಷ್ಟು ನೀರಿನಲ್ಲಿ ನಿಂತ ಗಾಡಿಗೆ ನೆಲಹಾಸು ಒದ್ದೆಯಾಗದೆ ಉಳಿಯುತ್ತದೆಯೇ? ನಾನು ನಾಲ್ಕು ಬಾಗಿಲೂ ತೆರೆದು ಕಾರ್ಪೆಟ್ಟಿನ ಅಡಿಯ ಸ್ಪಂಜಿನವರೆಗೆ ಕೈ ಹಾಕಿದೆ. ಒಂದು ಕಲೆ ಇಲ್ಲ, ಮಣ್ಣಿನ ಒಂದು ಕಣ ಇಲ್ಲ, ಸೀಟಿನ ಅಡಿಯ ವಯರುಗಳಿಗೆ ತುಕ್ಕು ಇಲ್ಲ. ಕಾಮತರನ್ನು ಕರೆದು ಅವರ ಕೈಯನ್ನೂ ಹಾಕಿಸಿದೆ.

"ಒಣಗಿರಬಹುದು" ಎಂದರು.

"ಒಣಗಬಹುದು. ಹೊಳೆಯ ಕೆಸರು ಎದ್ದು ನಡೆದು ಹೋಗುವುದಿಲ್ಲ ಕಾಮತ್ರೆ."

ನಾನು ರಸ್ತೆಯ ಕಡೆ ತಿರುಗಿ ಕೂಗಿ ಕೇಳಿದೆ, "ಉಮ್ಮರಾಕ, ರೇಡಿಯೇಟರಿಗೆ ನೀರು ಹಾಕುತ್ತಿದ್ದಿರಾ?"

"ಹಾಕುತ್ತಿದ್ದೆ. ಇಳಿಯುತ್ತಿತ್ತು. ಅಡಿಯಲ್ಲಿ ಒಂದು ಹನಿ ಬೀಳುವುದಿಲ್ಲ, ಆದರೂ ಇಳಿಯುತ್ತದೆ."

"ಧನಿಗೆ ಹೇಳಿದ್ದಿರಾ?"

ಉಮ್ಮರಾಕ ಕಾಮತರನ್ನು ನೋಡಿದರು. ಆ ದಿನ ಮೊದಲ ಬಾರಿಗೆ ಕಾಮತರೂ ಅವರನ್ನು ನೋಡಿದರು.

"ಹೇಳಿದ್ದ," ಎಂದರು ಕಾಮತರು ನನಗೆ. "ಹಳೆಯ ಗಾಡಿ, ನೀರು ಹಾಕು ಅಂತ ನಾನೇ ಹೇಳಿದ್ದೆ."

ಇಂಥ ಕಾರುಗಳಲ್ಲಿ ಗೇರ್‌ಬಾಕ್ಸಿನ ಬಿಸಿ ಎಣ್ಣೆಯನ್ನು ತಣಿಸಲು ರೇಡಿಯೇಟರಿನ ಒಳಗೇ ಒಂದು ಸಣ್ಣ ಕೊಳವೆ ಇಟ್ಟಿರುತ್ತಾರೆ. ಕೊಳವೆಯ ಒಳಗೆ ಎಣ್ಣೆ, ಹೊರಗೆ ಎಂಜಿನ್ನಿನ ನೀರು. ಹಳೆಯದಾದಾಗ ಆ ಕೊಳವೆ ಒಳಗಿಂದಲೇ ತೂತಾಗುತ್ತದೆ. ಎಂಜಿನ್ ಓಡುವಾಗ ಎಣ್ಣೆ ನೀರಿಗೆ ಹೋಗುತ್ತದೆ, ನಿಲ್ಲಿಸಿದ ಮೇಲೆ ಬಿಸಿ ನೀರು ಎಣ್ಣೆಗೆ ನುಗ್ಗುತ್ತದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ನೀರಿನ ಟ್ಯಾಂಕಿನ ಮುಚ್ಚಳ ತೆರೆದು ಒಳಗೆ ಬೆರಳು ಆಡಿಸಿದೆ. ಕೆಂಪು ಜಿಡ್ಡು.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಬಾಯಿಮಾತಿನಿಂದ ಹೋದ ಹೆಸರು ಬಾಯಿಮಾತಿನಿಂದ ವಾಪಸು ಬರುವುದಿಲ್ಲ, ಕಣ್ಣಿಗೆ ಕಾಣಿಸಬೇಕು. ರೇಡಿಯೇಟರನ್ನೇ ಬಿಚ್ಚಿ ತೆಗೆದೆ. ಸೈಕಲ್ ಟ್ಯೂಬಿನ ಪಂಕ್ಚರ್ ನೋಡುವ ಸಿಮೆಂಟು ತೊಟ್ಟಿ ಶೆಡ್ಡಿನ ಬದಿಯಲ್ಲಿ ಇತ್ತು, ಅದರಲ್ಲಿ ಮುಳುಗಿಸಿದೆ. ಎಣ್ಣೆಯ ಕೊಳವೆಯ ಒಂದು ಬಾಯಿ ಮುಚ್ಚಿ ಇನ್ನೊಂದಕ್ಕೆ ಗಾಳಿ ಹಿಡಿಯಬೇಕು. ಕೊಳವೆ ಸರಿ ಇದ್ದರೆ ಏನೂ ಆಗುವುದಿಲ್ಲ. ಗಾಳಿ ಹಿಡಿಯುವ ಮೊದಲು ಹೇಳಿದೆ, "ಉಮ್ಮರಾಕ ಬಾರದೆ ನಾನು ಇದನ್ನು ಒತ್ತುವುದಿಲ್ಲ."

ಅವರು ಮೆಲ್ಲಗೆ ಬಂದು ತೊಟ್ಟಿಯ ಆಚೆ ಬದಿಯಲ್ಲಿ ನಿಂತರು. ಒತ್ತಿದೆ. ರೇಡಿಯೇಟರಿಗೆ ನೀರು ಹಾಕುವ ಬಾಯಿಯಿಂದ ಗುಳುಗುಳು ಎಂದು ಗುಳ್ಳೆ ಎದ್ದಿತು. ನಿಲ್ಲಿಸಿ ಪುನಃ ಒತ್ತಿದೆ, ಪುನಃ ಎದ್ದಿತು.

ಉಮ್ಮರಾಕನ ಕಣ್ಣು ಆ ಗುಳ್ಳೆಗಳ ಮೇಲೇ ಇತ್ತು. ಕಾಮತರು ಕನ್ನಡಕ ತೆಗೆದು ಒರೆಸಿದರು, ಪುನಃ ಹಾಕಿದರು. ನಾನು ಕಾದೆ. ಒಂದು ಮಾತು ಬರುತ್ತದೆ ಎಂದು ಕಾದೆ.

"ಸರಿ ಮಾಡು ವಾಸು" ಎಂದರು. ನನಗೆ ಹೇಳಿದ್ದು, ಉಮ್ಮರಾಕನಿಗಲ್ಲ. ಹೇಳಿ ರಿಕ್ಷಾ ಹತ್ತಿ ಹೋದರು.

ನನಗೆ ಆಗ ಬಂದ ಸಿಟ್ಟಿಗೆ ಆ ತೊಟ್ಟಿಯ ನೀರು ಕುದಿಯಬೇಕಿತ್ತು. ತೂತು ಯಾವುದೆಂದು ಕಾಣಿಸಿಕೊಟ್ಟದ್ದಾಯಿತು, ಕಾರು ಬದುಕುತ್ತದೆ ಎಂದೂ ಆಯಿತು. ಕಾರಿಗೆ ಸಿಕ್ಕಿದ ನ್ಯಾಯ ಮನುಷ್ಯನಿಗೆ ಸಿಗಲಿಲ್ಲ. ಉಮ್ಮರಾಕ ಮಾತ್ರ ಶಾಂತವಾಗಿದ್ದರು. "ಬೀಡಿ ಉಂಟಾ?" ಎಂದು ಕೇಳಿದರು. ಕೊಟ್ಟೆ.

ಕೆಲಸ ಸಣ್ಣದಲ್ಲ. ನೀರು ಕುಡಿದ ಕ್ಲಚ್ ಪ್ಲೇಟುಗಳ ಅಂಟು ಬಿಟ್ಟಿತ್ತು, ಉಗುರಿನಿಂದ ಕೆರೆದರೆ ಕಾಗದದ ಹಾಗೆ ಎದ್ದು ಬರುತ್ತಿತ್ತು. ಅಂಥ ಪ್ಲೇಟುಗಳನ್ನು ಒಣಗಿಸಿ ಪುನಃ ಹಾಕುವವರು ಇದ್ದಾರೆ. ಹಾಗೆ ಮಾಡಬೇಡಿ. ಕನ್ವರ್ಟರನ್ನು ಕೊಯ್ದು ಒಳಗೆ ತೊಳೆದು ಬೆಸುಗೆ ಹಾಕಿಸಿದೆ, ಪ್ಲೇಟುಗಳನ್ನು ಬದಲಿಸಿದೆ. ಹೊಸ ರೇಡಿಯೇಟರ್ ಹಾಕಿ, ಎಣ್ಣೆ ತಣಿಸುವ ಕೊಳವೆಯನ್ನು ಅದರಿಂದ ಬೇರ್ಪಡಿಸಿ ಮುಂದೆ ಗಾಳಿಗೆ ಇಟ್ಟೆ. ಇನ್ನು ನೀರೂ ಎಣ್ಣೆಯೂ ಒಂದನ್ನೊಂದು ಮುಟ್ಟುವುದೇ ಇಲ್ಲ. ಎಣ್ಣೆಯನ್ನು ಒಮ್ಮೆ ಹಾಕಿ, ಓಡಿಸಿ, ತೆಗೆದು, ಪುನಃ ಹಾಕಿದೆ. ಕೆಂಪು ಕೆಂಪಾಗಿಯೇ ನಿಲ್ಲುವವರೆಗೆ.

ಕಾರು ಹೋಯಿತು. ಆಮೇಲೆ ಕಾಮತರ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವ ರೈಟರ್ ವೇಣೂರಿನ ತರಕಾರಿ ಅಂಗಡಿಗೆ ಹೋಗಿ, "ಧನಿ ನಾಳೆಯಿಂದ ಬರಲಿಕ್ಕೆ ಹೇಳಿದ್ದಾರೆ" ಎಂದು ಹೇಳಿ ಬಂದನಂತೆ. ಉಮ್ಮರಾಕ ಹೋಗಲಿಲ್ಲ. ಇನ್ನೊಮ್ಮೆ ಕಾಮತರು ರೈಟರನ ಕೈಯಲ್ಲಿ ಕೀಯನ್ನೇ ಕಳಿಸಿದರು. ಉಮ್ಮರಾಕ ಅದನ್ನು ತಕ್ಕಡಿಯ ಪಕ್ಕದಲ್ಲಿ ಇಟ್ಟು, "ಚಾ ಕುಡಿಯುವುದಾ?" ಎಂದು ರೈಟರನನ್ನು ಉಪಚರಿಸಿ, ಹೊರಡುವಾಗ ಕೀ ಅವನ ಕೈಗೇ ವಾಪಸು ಕೊಟ್ಟರಂತೆ.

ಕಾಮತರು ನನಗೆ ಫೋನ್ ಮಾಡಿದರು. "ಅವನಿಗೆ ಅಹಂಕಾರ ನೋಡು."

"ಕೀ ತೆಗೆದುಕೊಂಡದ್ದು ಅಷ್ಟು ಜನರ ಎದುರು, ಕೊಡುವುದು ರೈಟರನ ಕೈಯಲ್ಲಾ?"

"ಮತ್ತೆ ನಾನು ಎಂತ ಮಾಡ್ಬೇಕು? ಅವನ ಕಾಲಿಗೆ ಬೀಳ್ಬೇಕಾ?"

"ಕಾಲಿಗೆ ಬೇಡ. ಹೇಳಿದ ಕಡೆಯೆಲ್ಲ ಹೋಗಿ, ಅದು ಹಾಗಲ್ಲ ಅಂತ ಹೇಳಿ. ಮೊದಲು ವೇಣೂರಿನಲ್ಲಿ."

ಫೋನ್ ಇಟ್ಟುಬಿಟ್ಟರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ದೊಡ್ಡವರ ಸಿಟ್ಟಿಗೆ ಮದ್ದು ಉಂಟು, ದೊಡ್ಡವರ ನಾಚಿಕೆಗೆ ಇಲ್ಲ. ಆದರೆ ಹೊಸ ಡ್ರೈವರ್ ಕಾರಿನ ಬದಿಯನ್ನು ಫ್ಯಾಕ್ಟರಿಯ ಗೇಟಿಗೆ ಉಜ್ಜಿ ಕೆಲಸ ಬಿಟ್ಟು ಹೋದ. ಮಳೆ ಬಿಟ್ಟ ಒಂದು ಬೆಳಿಗ್ಗೆ ಕಾಮತರು ಪುನಃ ಫೋನ್ ಮಾಡಿ, "ವಾಸು, ಒಂದು ಸಲ ಬಂದು ಕಾರು ಓಡಿಸು. ವೇಣೂರಿಗೆ ಹೋಗಿ ಬರುವ" ಎಂದರು.

ನಾನು ಓಡಿಸಿದೆ, ಅವರು ಪಕ್ಕದಲ್ಲಿ ಕೂತರು. ತರಕಾರಿ ಅಂಗಡಿ ಜೀಪ್ ಸ್ಟ್ಯಾಂಡಿನ ಎದುರಿಗೇ ಇರುವುದು. ಜೀಪಿನವರು ಬಾನೆಟ್ಟಿಗೆ ಒರಗಿ ನಿಂತಿದ್ದವರು ಕಾರು ನೋಡಿ ನೆಟ್ಟಗಾದರು. ಕಾಮತರು ಇಳಿಯಲಿಲ್ಲ, ಗಾಜು ಇಳಿಸಿದರು.

"ಉಮ್ಮರ, ಬಾ. ಕೂತುಕೋ."

ಉಮ್ಮರಾಕ ಈರುಳ್ಳಿ ಸಿಪ್ಪೆ ಅಂಟಿದ ಕೈಗಳನ್ನು ಲುಂಗಿಗೆ ಒರೆಸಿಕೊಂಡು ಬಂದರು. ನಾನು ಇಳಿದು ಹಿಂದಿನ ಸೀಟಿಗೆ ಹೋದೆ. ಅವರು ಕೂತು ಸೀಟನ್ನು ತಮ್ಮ ಕಾಲಿಗೆ ಸರಿಯಾಗಿ ಹಿಂದೆ ಸರಿಸಿದರು, ಕನ್ನಡಿ ತಿರುಗಿಸಿದರು, ಎಂಜಿನ್ ಹಾಕಿದರು. ಬ್ರೇಕಿನ ಮೇಲೆ ಕಾಲಿಟ್ಟರು. ಗೇರ್ ಲಿವರ್ ಮುಟ್ಟಲಿಲ್ಲ. ಎರಡು ಕೈಗಳೂ ಸ್ಟೇರಿಂಗಿನ ಮೇಲೆ.

"ಹೋಗುವ" ಎಂದರು ಕಾಮತರು.

"ಹೋಗುವ ಧನಿ. ನೀವು ಹೇಳಿದ ಮೇಲೆ."

"ಹೇಳಿದೆನಲ್ಲ, ಹೋಗುವ ಅಂತ."

"ನನಗಲ್ಲ." ಉಮ್ಮರಾಕ ಎದುರಿನ ಜೀಪಿನವರ ಕಡೆ ಗದ್ದ ತೋರಿಸಿದರು. "ಇವರಿಗೆ."

ಕಾಮತರ ಕುತ್ತಿಗೆ ಕೆಂಪಾದದ್ದು ಹಿಂದಿನಿಂದ ನನಗೆ ಕಾಣುತ್ತಿತ್ತು. ಬಾಗಿಲು ತೆರೆದು ಇಳಿದು ಹೋಗುತ್ತಾರೆ ಎಂದೇ ಅನ್ನಿಸಿತು. ಕೈ ಬಾಗಿಲಿನ ಹಿಡಿಯವರೆಗೆ ಹೋಯಿತು ಕೂಡ. ಎಂಜಿನ್ ಸುಮ್ಮನೆ ಓಡುತ್ತಿತ್ತು. ಆಮೇಲೆ ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಇವ ಕಾರನ್ನು ಹೊಳೆಗೆ ಇಳಿಸಲಿಲ್ಲ."

ಸ್ಟ್ಯಾಂಡಿನಲ್ಲಿ ಒಬ್ಬ ತುಂಟ, ದಿನಾ ಸ್ನಾನದ ತಮಾಷೆ ಮಾಡುತ್ತಿದ್ದವನೇ, ಕಿವಿಗೆ ಕೈ ಹಿಡಿದು ಹೇಳಿದ, "ಎಂತ ಧನಿ? ಕೇಳಲಿಲ್ಲ!"

"ಹೊಳೆಗೆ ಇಳಿಸಲಿಲ್ಲ ಅಂತ ಹೇಳಿದ್ದು!" ಕಾಮತರು ಕೂಗಿದರು. "ರೇಡಿಯೇಟರ್ ಒಳಗೆ ತೂತಾದದ್ದು. ಇವ ಮೊದಲೇ ಹೇಳಿದ್ದ, ನಾನು ಕೇಳಲಿಲ್ಲ. ಸಾಕಾ?"

ಸಾಕಾ ಎಂದು ಕೇಳಿದ್ದು ಜೀಪಿನವನನ್ನೋ ಉಮ್ಮರಾಕನನ್ನೋ ನನಗೆ ತಿಳಿಯಲಿಲ್ಲ. ಸ್ಟ್ಯಾಂಡಿನಲ್ಲಿ ಯಾರೂ ನಗಲಿಲ್ಲ. ಅಂಗಡಿಯಲ್ಲಿದ್ದ ಭಾವ ತಕ್ಕಡಿ ಬಿಟ್ಟು ಹೊರಗೆ ಬಂದು ನಿಂತಿದ್ದ.

ಉಮ್ಮರಾಕ ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡಿದರು. ಲಿವರನ್ನು ಮುಂದೆ ಹೋಗುವ 'ಡಿ'ಗೆ ತಂದರು. ಗೇರ್ ಬಿದ್ದದ್ದು ಹಿಂದಿನ ಸೀಟಿನಲ್ಲಿದ್ದ ನನಗೆ ಗೊತ್ತೇ ಆಗಲಿಲ್ಲ. ನೋಡುವಾಗ ಜೀಪ್ ಸ್ಟ್ಯಾಂಡ್ ಮೆಲ್ಲಗೆ ಹಿಂದೆ ಸರಿಯುತ್ತಿತ್ತು.